ಹದ್ದಿನದುರ್ಗದ ಹೊಣೆಗಲ್ಲು

ಹದ್ದಿನದುರ್ಗಕ್ಕೆ ಬರುವವರು ಬಸ್ಸಿನಿಂದ ಇಳಿದ ಕೂಡಲೇ ತಲೆಯೆತ್ತಿ ಮೇಲೆ ನೋಡುತ್ತಾರೆ. ನೋಡುವಂಥದೇ ಇದೆ. ಹೊಳೆಯ ಮಗ್ಗುಲಲ್ಲಿ ಬೋಳು ಬಂಡೆಗಳ ಗುಡ್ಡ, ಗುಡ್ಡದ ಸೊಂಟಕ್ಕೆ ಸುತ್ತಿದ ಕೋಟೆಗೋಡೆ, ನೆತ್ತಿಯಲ್ಲಿ ಹದ್ದುಗಳು ಸುತ್ತುವ ಒಂದು ಒಡಕು ಬುರುಜು. ಇವೆಲ್ಲವನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದು ಮೊಬೈಲು ಎತ್ತಿಕೊಂಡು ಹಿಂದೆ ಹಿಂದೆ ಸರಿಯುವವರು ಹೆಬ್ಬಾಗಿಲ ಬಲಗಡೆಯ ಒಂದು ಕಲ್ಲಿಗೆ ಎಡವುತ್ತಾರೆ. ವರ್ಷಕ್ಕೆ ನಾಲ್ಕೈದು ಜನ ಬಿದ್ದೂ ಬೀಳುತ್ತಾರೆ. ಮೊಣಕಾಲೆತ್ತರದ ಕರಿಯ ಕಲ್ಲು. ನಡುವೆ ತಗ್ಗಾಗಿ, ಒರಳಿನ ಬಾಯಿಯ ಹಾಗೆ ನುಣುಪಾಗಿದೆ. ಅದರ ಪಕ್ಕದಲ್ಲಿ ಒಂದು ಮೊಳ ಬಿಟ್ಟು ಇನ್ನೊಂದು ಕಲ್ಲಿದೆ. ಅದು ಚಿಕ್ಕದು, ಒರಟು, ಯಾರೂ ಕುಳಿತ ಗುರುತಿಲ್ಲದ್ದು. ಇಲಾಖೆಯವರು ನೆಟ್ಟ ನೀಲಿ ಹಲಗೆಯಲ್ಲಿ ಕೋಟೆಯ ಸುತ್ತಳತೆ ಇದೆ, ಬುರುಜುಗಳ ಸಂಖ್ಯೆ ಇದೆ, ಗೋಡೆಯ ಮೇಲೆ ಹೆಸರು ಕೆತ್ತಿದವರಿಗೆ ಏನು ಶಿಕ್ಷೆ ಎಂಬುದೂ ಇದೆ. ಈ ಕಲ್ಲುಗಳ ಮಾತೇ ಇಲ್ಲ. ಊರಿನವರು ಮಾತ್ರ ದೊಡ್ಡದನ್ನು ಹೊಣೆಗಲ್ಲು ಎನ್ನುತ್ತಾರೆ, ಚಿಕ್ಕದನ್ನು ಅವ್ವನ ಕಲ್ಲು ಎನ್ನುತ್ತಾರೆ. ಹೆಬ್ಬಾಗಿಲಿಗೆ ಅರಸರು ಇಟ್ಟ ಹೆಸರು ಬೇರೆ ಏನೋ ಇತ್ತಂತೆ. ಅರಸರ ಜೊತೆಗೇ ಅದೂ ಹೋಯಿತು. ಈಗ ಅದು ಹೊಣೆಗಲ್ಲಿನ ಬಾಗಿಲು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ದುರ್ಗವನ್ನು ಹೀಗೆ ಟಿಕೇಟು ಹರಿಸಿಕೊಂಡು ನೋಡುವಂತಿರಲಿಲ್ಲ. ಪರಸ್ಥಳದವನೊಬ್ಬ ಒಳಗೆ ಕಾಲಿಡಬೇಕಾದರೆ ಊರಿನವನೊಬ್ಬ ಅವನಿಗೆ ಹೊಣೆಯಾಗಿ ಬಾಗಿಲ ಬಲಗಡೆಯ ಕಲ್ಲಿನ ಮೇಲೆ ಕೂರಬೇಕಿತ್ತು. ಕೂರುವವನು ತಲೆಯ ರುಮಾಲು ತೆಗೆದು ಪಹರೆಯವನ ಕೈಗೆ ಕೊಡಬೇಕು. ಬರಿದಲೆಯವನೊಬ್ಬ ಅಲ್ಲಿ ಕುಳಿತಿದ್ದಾನೆಂದರೆ ಹೊರಗಿನವನು ಯಾರೋ ಒಳಗಿದ್ದಾನೆ ಎಂದು ದಾರಿಹೋಕರಿಗೂ ತಿಳಿಯಬೇಕು. ಹೋದವನು ಅದೇ ಬಾಗಿಲಿನಿಂದ ಹೊರಬಂದು, ಕುಳಿತವನ ಕೈ ಹಿಡಿದು, ತನಗೆ ಬಂದ ಭಾಷೆಯಲ್ಲಿ 'ಬಂದೆ, ಏಳು' ಎನ್ನಬೇಕು. ಆಮೇಲೆಯೇ ರುಮಾಲು ತಲೆಗೆ. ಅಲ್ಲಿಯವರೆಗೆ ಹೊಣೆಗಾರ ದೇಹಬಾಧೆಗೆಂದು ಎದ್ದರೂ ಬಾಗಿಲ ನೆರಳು ದಾಟುವಂತಿಲ್ಲ. ಊಟ ಮನೆಯಿಂದ ಬರಬೇಕು. ಹೋದವನು ಕಳ್ಳನೋ ವೈರಿಯ ಬೇಹಿನವನೋ ಆಗಿದ್ದರೆ ಹೋಗುವುದು ಹೊಣೆಗಾರನ ತಲೆ. ಕೋಟೆಯಲ್ಲಿರುವವರಿಗೆ ಅಂಜಿಕೆ ಜಾಸ್ತಿ. ಅಂಜದವರು ಕೋಟೆಯನ್ನೇಕೆ ಕಟ್ಟುತ್ತಾರೆ? ಹೀಗಾಗಿ ದುರ್ಗ ನೋಡಬೇಕೆಂದು ಬಂದವರಲ್ಲಿ ಹೆಚ್ಚಿನವರು ಬಾಗಿಲನ್ನಷ್ಟೇ ನೋಡಿ, ದೂರದ ಬೆಟ್ಟ ನುಣ್ಣಗೆ ಎಂದು ಸಮಾಧಾನ ಹೇಳಿಕೊಂಡು ತಿರುಗಿ ಹೋಗುತ್ತಿದ್ದರು.

ಆ ಕಾಲದಲ್ಲಿ ದುರ್ಗದ ಲಾಯದಲ್ಲಿ ಗಾದಿಲಿಂಗ ಎಂಬ ಕುದುರೆಯಾಳು ಇದ್ದ. ಕಿವಿ ಮುಟ್ಟಿದರೆ ಸಾಕು, ಕುದುರೆಗೆ ಏನು ಬೇನೆ ಎಂದು ಹೇಳುವಷ್ಟು ಪಳಗಿದವನು. ಪ್ರಾಯದಲ್ಲಿದ್ದಾಗ ಪಾಳೆಯಗಾರರು ಅವನನ್ನು ವರ್ತಕರ ಜೊತೆಮಾಡಿ, ಕುದುರೆ ಆರಿಸಿ ತರಲು ಕಡಲಾಚೆಯ ನಾಡಿಗೆ ಕಳಿಸಿದ್ದರು. ಹೋಗಿ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಕುದುರೆಗಳು ಬಂದವು, ಗಾದಿಲಿಂಗನೂ ಬಂದ. ಆದರೆ ಅವನ ಮನೆಯ ಬಾಗಿಲಿಗೆ ಮುಳ್ಳುಕಂಟಿ ಇಟ್ಟಿದ್ದರು. ಅವನು ಹೋದ ಆರನೆಯ ತಿಂಗಳಲ್ಲಿ ಹೆಂಡತಿ ಜ್ವರ ಬಂದು ತೀರಿಹೋಗಿದ್ದಳು. ನಡುಗಡಲಿನಲ್ಲಿ ಇದ್ದವನಿಗೆ ಹೇಳುವವರು ಯಾರು? ಆಕೆಗೆ ಹೇಳಬೇಕೆಂದು ಎದೆಯಲ್ಲಿ ಕಟ್ಟಿಕೊಂಡು ಬಂದಿದ್ದ ಕಡಲ ಕತೆಯನ್ನು ಅವನು ಊರಿಗೇ ಹೇಳತೊಡಗಿದ. ಮೊದಲನೆಯ ವರ್ಷ ಕೇಳುವವರಿಗೆ ಕಟ್ಟೆಯ ಮೇಲೆ ಜಾಗ ಸಾಲುತ್ತಿರಲಿಲ್ಲ. ಐದನೆಯ ವರ್ಷಕ್ಕೆ, ಅವನು ಬಾಯಿ ತೆರೆಯುವುದೇ ತಡ, 'ಬಂತಪ್ಪಾ ಹಡಗ' ಎಂದು ಜನ ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಿದ್ದರು. ಕೊನೆಗೆ ಅವನು ಕುದುರೆಗಳಿಗೇ ಹೇಳುತ್ತಿದ್ದ. ಅವು ಹುರುಳಿ ಮೆಲ್ಲುತ್ತ ಕೇಳುತ್ತಿದ್ದವು, ಅರ್ಧಕ್ಕೆ ಎದ್ದು ಹೋಗುತ್ತಿರಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ದುರ್ಗದ ಸಿರಿ ಇಳಿಯಿತು, ಲಾಯದಲ್ಲಿ ಕುದುರೆಗಳು ಕಡಿಮೆಯಾದವು, ಕಡೆಗೆ ಹೇಳಿಕೊಳ್ಳಲು ಒಂದೂ ಉಳಿಯಲಿಲ್ಲ. ಗಾದಿಲಿಂಗ ಬರಿಯ ಗೋದಲಿಗಳ ನಡುವೆ ಮಲಗಿ ಏಳುತ್ತಿದ್ದ. ಹೊಳೆಯಾಚೆಯ ಊರಿಗೆ ಕೊಟ್ಟಿದ್ದ ಅವನ ತಂಗಿ ಈರವ್ವನ ಕಿವಿಗೂ ಇದು ಬಿತ್ತು. ತಾನೇ ಹೆಬ್ಬಾಗಿಲವರೆಗೆ ಬಂದು, ಅವನನ್ನು ಹೊರಗೆ ಕರೆಸಿ, "ಯಣ್ಣಾ, ಗ್ವಾಡಿಗೆ ಕತಿ ಹೇಳ್ಕೋತ ಕುಂದರಬ್ಯಾಡ. ನಮ್ಮನ್ಯಾಗ ಏಳು ಹುಡುಗ್ರು ಅದಾವು. ನಿನ್ನ ಕಡಲ ಕತಿ ಇನ್ನೂ ಯಾವೂ ಕೇಳಿಲ್ಲ. ಬಾ" ಎಂದು ಕರೆದು ಹೋದಳು. ಕತೆ ಕೇಳದ ಕಿವಿ ಏಳು ಜೊತೆ ಇವೆ ಎಂದ ಮೇಲೆ ಗಾದಿಲಿಂಗ ತಡೆಯುತ್ತಾನೆಯೇ? ಮುಂಗಾರು ಹತ್ತಿರ ಬಂದಿತ್ತು. ಒಮ್ಮೆ ಹೊಳೆ ತುಂಬಿದರೆ ಎರಡು ತಿಂಗಳು ಹರಿಗೋಲು ಹಾಕುವುದಿಲ್ಲ. ಒಂದು ಕಂಬಳಿ, ಒಂದು ತಂಬಿಗೆ, ಸತ್ತ ಹೆಂಡತಿಯ ಕುಬುಸ, ಕುದುರೆ ಉಜ್ಜುವ ಒಂದು ಬ್ರಷ್ಷಿನಂಥ ಕತ್ತದ ಕುಂಚ, ಇಷ್ಟನ್ನು ಗಂಟು ಕಟ್ಟಿಕೊಂಡು ಅವನು ಒಂದು ಮುಂಜಾನೆ ದುರ್ಗ ಇಳಿದ. ಇನ್ನು ಮೇಲೆ ಒಂಟಿಯಾಗಿ ಉಣ್ಣುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು.

ಹೆಬ್ಬಾಗಿಲ ಹೊರಗೆ ಒಬ್ಬ ಪರದೇಶದವನು ನಿಂತಿದ್ದ. ಅವನು ಯಾವ ನಾಡಿನವನೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಒಬ್ಬರು ಪಡುವಣದವನು ಎನ್ನುತ್ತಾರೆ, ಇನ್ನೊಬ್ಬರು ಹಿಮದ ನಾಡಿನವನು ಎನ್ನುತ್ತಾರೆ. ಕೆಂಪು ಮುಖ, ಧೂಳು ಹಿಡಿದ ಉದ್ದ ನಿಲುವಂಗಿ, ಕೈಯಲ್ಲೊಂದು ಕೋಲು. ಮೂರು ದಿನದಿಂದ ಅಲ್ಲೇ ನಿಂತು ಬುರುಜನ್ನು ನೋಡುತ್ತಿದ್ದನಂತೆ. ಮಾರುವುದಕ್ಕೆ ಏನೂ ತಂದಿಲ್ಲ, ಕೊಳ್ಳುವುದಕ್ಕೆ ಬಂದಿಲ್ಲ, ದೇವರ ಹರಕೆಯೂ ಇಲ್ಲ, ಬರೀ ನೋಡಬೇಕು. ಬರೀ ನೋಡುವುದಕ್ಕೆ ಇಷ್ಟು ದೂರ ಯಾವನಾದರೂ ಬರುತ್ತಾನೆಯೇ ಎಂದು ಪಹರೆಯವರು ನಕ್ಕರು. ಹೊಣೆ ಕೂರಲು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದುಕೊಳ್ಳುವುದು ಯಾರಿಗೆ ಬೇಕು? ಗಾದಿಲಿಂಗನೂ ಅವನನ್ನು ದಾಟಿ ಹತ್ತು ಹೆಜ್ಜೆ ಹೋಗಿದ್ದ. ಆಮೇಲೆ ತಿರುಗಿ ನೋಡಿದ. ಆ ಮನುಷ್ಯ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ಅರ್ಧ ತೆರೆದು, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಕಡಲಾಚೆಯ ಆ ಊರಿನಲ್ಲಿ ತಾನೂ ಒಂದು ಕೋಟೆಯ ಮುಂದೆ ಹೀಗೇ ನಿಂತಿದ್ದು ಗಾದಿಲಿಂಗನಿಗೆ ನೆನಪಾಯಿತು. ಅಲ್ಲಿಯೂ ಇದೇ ಕಟ್ಟುಪಾಡು ಇತ್ತು. ಅಲ್ಲಿಯೂ ಯಾರೋ ಒಬ್ಬರು ತನಗಾಗಿ ಕುಳಿತಿದ್ದರು.

ಅವನು ಗಂಟು ಕೆಳಗಿಟ್ಟ. ರುಮಾಲು ತೆಗೆದು ಪಹರೆಯವನಿಗೆ ಕೊಟ್ಟ. "ನಾ ಕುಂದರತೀನಿ. ಹರಿಗೋಲು ಮದ್ಯಾನಕ್ಕ ಐತಿ, ಅಷ್ಟ್ರಾಗ ಬರ್ತಾನ" ಎಂದು ಕಲ್ಲಿನ ಮೇಲೆ ಕುಳಿತ. ಪರದೇಶದವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಕಣ್ಣು ತುಂಬಿ ಬಂತು. ಎರಡೂ ಕೈಯಲ್ಲಿ ಗಾದಿಲಿಂಗನ ಕೈಯನ್ನು ಹಿಡಿದು ಅಲ್ಲಾಡಿಸಿ, ಮಕ್ಕಳ ಹಾಗೆ ಓಡುನಡಿಗೆಯಲ್ಲಿ ಒಳಗೆ ಹೋದ. ಕೋಟೆ ನೋಡಲು ಬಂದವನ ಸಂತೋಷ ಎಂಥದೆಂದು ಗಾದಿಲಿಂಗನಿಗೆ ಗೊತ್ತಿತ್ತು. ಅವನು ಈಗ ಎರಡನೆಯ ಸುತ್ತಿನಲ್ಲಿ ಇರಬಹುದು, ಈಗ ಕಣಜದ ಹತ್ತಿರ, ಈಗ ಬುರುಜಿನ ಮೇಲೆ ಹೊಳೆ ನೋಡುತ್ತ ನಿಂತಿರಬಹುದು ಎಂದು ಕುಳಿತಲ್ಲಿಂದಲೇ ಅವನ ಜೊತೆ ಹತ್ತಿದ. ಮಧ್ಯಾಹ್ನ ಹರಿಗೋಲು ಹೋಯಿತು. ಸಂಜೆಯಾಯಿತು, ಬಾಗಿಲು ಮುಚ್ಚಿದರು. ಹೋದವನು ಬರಲಿಲ್ಲ.

ಮರುದಿನ ಹೊತ್ತೇರುವ ಮುಂಚೆ ಈರವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಅಣ್ಣ ಬಾರದ್ದಕ್ಕೆ ಏನಾಯಿತೋ ಎಂದು ಗಾಬರಿಬಿದ್ದು ಬಂದವಳು, ಬರಿದಲೆಯಲ್ಲಿ ಕುಳಿತ ಅವನನ್ನು ಕಂಡು ಮೊದಲು ಬೈದಳು, ಆಮೇಲೆ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿದು ಕೊಟ್ಟಳು. ಬೇರೆ ಕೆಲಸವಿಲ್ಲ, ಹೋದವನು ಬರುವವರೆಗೆ ಕಾಯಬೇಕು. "ಹಂಗಾರ ನಿನ್ನ ಕತೀನರ ಹೇಳು. ಮನ್ಯಾಗ ಹುಡುಗ್ರ ಗದ್ಲದಾಗ ನನಗ ಕೇಳಾಕ ಆಗಂಗಿಲ್ಲ" ಎಂದಳು. ಎಷ್ಟೋ ವರ್ಷದ ಮೇಲೆ ಒಬ್ಬರು ತಾವಾಗಿಯೇ ಕತೆ ಕೇಳಿದ್ದರು. ಗಾದಿಲಿಂಗನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದ.

ಕಡಲ ದಂಡೆಯ ಒಂದು ಊರು. ಊರಿನ ಹೆಸರು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಹಡಗಿನವರು ಒಂದು ಹೇಳುತ್ತಿದ್ದರು, ವರ್ತಕರು ಇನ್ನೊಂದು ಹೇಳುತ್ತಿದ್ದರು. ಊರ ಮೇಲೊಂದು ಗುಡ್ಡ, ಗುಡ್ಡದ ಮೇಲೆ ಯಾವುದೋ ಹಳೆಯ ದೊರೆಗಳ ಪಾಳು ಕೋಟೆ. ಹಡಗು ದಡ ಮುಟ್ಟುವ ಎರಡು ದಿನ ಮೊದಲೇ ಅದು ಮುಗಿಲಿನಲ್ಲಿ ತೇಲಿದಂತೆ ಕಂಡಿತ್ತು. ಕುದುರೆ ವ್ಯಾಪಾರ ಮುಗಿದ ಮೇಲೆ ಅವನು ದಿನವೂ ಅದರ ಬಾಗಿಲ ಮುಂದೆ ಹೋಗಿ ನಿಲ್ಲುತ್ತಿದ್ದ. ಬಾಗಿಲ ಬಳಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂರುವ ಒಬ್ಬ ಮುದುಕಿ. ನಮ್ಮ ಕಡೆಯ ಹೆಂಗಸರ ಹಾಗೆಯೇ ಗದ್ದದ ಮೇಲೆ ಹಚ್ಚೆ. ಎಡಗಾಲು ಮಡಚಲು ಬಾರದೆ ಮುಂದಕ್ಕೆ ಚಾಚಿ ಕೂರುತ್ತಿದ್ದಳು. ನಾಲ್ಕು ದಿನ ಅವನನ್ನು ನೋಡಿದಳು. ಐದನೆಯ ದಿನ ಕಾವಲಿನವನಿಗೆ ಏನೋ ಹೇಳಿ, ಬುಟ್ಟಿ ಮುಚ್ಚಿ, ತಲೆಯ ಬಟ್ಟೆ ತೆಗೆದುಕೊಟ್ಟು, ಹೊಣೆಯ ಜಾಗದಲ್ಲಿ ಕಾಲು ಚಾಚಿ ಕುಳಿತು, ಹೋಗು ಎಂದು ಕೈಬೀಸಿದಳು. ಅವನು ಒಳಗೆ ಹೋದ. ಒಳಗೆ ಏನೇನಿತ್ತು! ಚಾವಣಿ ಬಿದ್ದ ಓಲಗಶಾಲೆ, ಪಾರಿವಾಳ ಗೂಡು ಕಟ್ಟಿದ ಸಿಂಹಾಸನದ ಕಟ್ಟೆ, ನೂರು ಕುದುರೆಯ ಲಾಯ. ಅಲ್ಲಿನ ಗೋದಲಿಯ ಅಂಚು ಕುದುರೆಗಳ ಕತ್ತು ಉಜ್ಜಿ ಉಜ್ಜಿ ಸವೆದಿದ್ದನ್ನು ಗಾದಿಲಿಂಗ ಬೆರಳಾಡಿಸಿ ನೋಡಿದ. ಕುದುರೆಗಳಿಲ್ಲ, ಕಟ್ಟಿದವರಿಲ್ಲ, ಆ ಸವಕಲು ಮಾತ್ರ ಉಳಿದಿತ್ತು. ಅದನ್ನು ನೋಡುತ್ತ ಅವನು ಹೊತ್ತನ್ನೇ ಮರೆತ. ಅಷ್ಟರಲ್ಲಿ ಕೆಳಗಿನಿಂದ ಕೂಗು. ಗಾಳಿ ತಿರುಗಿದೆ, ಹಡಗು ಹೊರಟಿದೆ. ಕೋಟೆಯ ಹಿಂಭಾಗದಲ್ಲಿ ಕಡಲಿಗೆ ಇಳಿಯುವ ಮೆಟ್ಟಿಲಿತ್ತು. ಒಂದೇ ಉಸಿರಿಗೆ ಇಳಿದು ಹಡಗು ಹತ್ತಿದ. ಕೋಟೆ ಸಣ್ಣದಾಗುತ್ತ ಸಣ್ಣದಾಗುತ್ತ ಮುಗಿಲಿನಲ್ಲಿ ಕರಗುವವರೆಗೆ ನೋಡುತ್ತ ನಿಂತಿದ್ದ.

ಕತೆ ಯಾವಾಗಲೂ ಇಲ್ಲಿಗೆ ಮುಗಿಯುತ್ತಿತ್ತು. ಕೇಳಿದವರು 'ಭಲಾ' ಎನ್ನುತ್ತಿದ್ದರು, ಎದ್ದು ಹೋಗುತ್ತಿದ್ದರು. ಈರವ್ವ ಎದ್ದು ಹೋಗಲಿಲ್ಲ. ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು, "ಆ ಮುದುಕಿ?" ಎಂದಳು.

"ಯಾವ ಮುದುಕಿ?"

"ಬಾಗಲದಾಗ ಕುಂತಿದ್ಲಲ್ಲ. ನೀ ಹಿಂದ್ಲ ಬಾಗಲದಿಂದ ಹ್ವಾದಿ. ಆಕೀಗೆ ಯಾರು ಹೇಳಿದ್ರು?"

ಗಾದಿಲಿಂಗ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಕತೆಯನ್ನು ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರಲ್ಲ, ಹಾಗೆ ಆ ಮುದುಕಿ ಅವನ ಕತೆಯಲ್ಲಿ ಬಾಗಿಲವರೆಗೆ ಮಾತ್ರ ಇದ್ದಳು. ಒಳಗೆ ಹೋದ ಮೇಲೆ ಅವನೂ ಅವಳನ್ನು ಮರೆತಿದ್ದ, ಕೇಳಿದವರೂ ಮರೆತಿದ್ದರು. ಈಗ ಅವಳ ಹಾಗೆಯೇ ಹೊಣೆಯ ಕಲ್ಲಿನ ಮೇಲೆ, ಬರಿದಲೆಯಲ್ಲಿ, ಒಂದು ಹಗಲು ಒಂದು ಇರುಳು ತಾನೇ ಕುಳಿತ ಮೇಲೆ ಅವಳು ಮೊದಲ ಸಲ ಅವನ ಕಣ್ಣಿಗೆ ಸರಿಯಾಗಿ ಕಂಡಳು. ಸಂಜೆಗೆ ಮೀನು ಕೆಟ್ಟಿರುತ್ತದೆ. ಬಾಗಿಲು ಮುಚ್ಚಿರುತ್ತಾರೆ. ಯಾರ ಹೆಜ್ಜೆ ಸಪ್ಪಳವಾದರೂ ಅವಳು ತಿರುಗಿ ನೋಡಿರುತ್ತಾಳೆ. ಅವಳಿಗೆ ರೊಟ್ಟಿ ತಂದುಕೊಡುವವರು ಇದ್ದರೋ ಇಲ್ಲವೋ. ಅವಳ ಹೆಸರನ್ನು ಸಹ ಅವನು ಕೇಳಿರಲಿಲ್ಲ.

ಮೂರನೆಯ ದಿನ ನಿಜ ಸಂಗತಿ ಗೊತ್ತಾಯಿತು. ಪರದೇಶದವನು ಎಲ್ಲ ನೋಡಿ ಮುಗಿಸುವಾಗ ಹೊತ್ತು ಇಳಿದಿತ್ತಂತೆ. ಗುಡ್ಡದ ಹಿಂದಿನ ದಿಡ್ಡಿ ಬಾಗಿಲು ಕಾಯುವವನು ಒಳ್ಳೆಯ ಮನುಷ್ಯ. ಬಿಸಿಲಿನಲ್ಲಿ ಬಳಲಿದ ಅತಿಥಿ ಇಷ್ಟು ಮೆಟ್ಟಿಲು ಮತ್ತೆ ಇಳಿಯುವುದೇಕೆ ಎಂದು ಅಂಬಲಿ ಕುಡಿಸಿ, ದಿಡ್ಡಿ ತೆರೆದು, ಕೆಳಗೆ ಹೋಗುತ್ತಿದ್ದ ಹೇರೆತ್ತಿನವರ ಜೊತೆ ಸೇರಿಸಿಬಿಟ್ಟಿದ್ದ. ಹೆಬ್ಬಾಗಿಲಲ್ಲಿ ಒಬ್ಬ ಕುಳಿತಿದ್ದಾನೆಂಬುದು ಅವನಿಗೆ ತಿಳಿದಿರಲಿಲ್ಲ. ಹೋದವನಿಗೆ ತಿಳಿದಿತ್ತು, ಆದರೆ ಅವನ ಕಣ್ಣ ತುಂಬ ಕೋಟೆ ಇತ್ತು. ಅದರಲ್ಲಿ ಕೆಟ್ಟತನವೇನೂ ಇಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ನೋಡಬೇಕೆಂದು ಹೋದವರೆಲ್ಲ ಅಷ್ಟೇ, ನೋಡಿದ್ದನ್ನು ಹೊತ್ತುಕೊಂಡು ಹೋಗುತ್ತಾರೆ, ತೋರಿಸಿದವರನ್ನು ಬಿಟ್ಟು ಹೋಗುತ್ತಾರೆ.

ಕಿಲ್ಲೇದಾರ ತಾನೇ ರುಮಾಲು ಹಿಡಿದುಕೊಂಡು ಇಳಿದು ಬಂದ. "ಗಾದಿಲಿಂಗಾ, ಅಂವ ಹ್ವಾದ. ಕದ್ದಿಲ್ಲ, ಕೆಡಿಸಿಲ್ಲ. ತಪ್ಪು ನಮ್ಮ ದಿಡ್ಡಿಯಾವಂದು. ನಿನ್ನ ಮ್ಯಾಲ ಏನೂ ಇಲ್ಲ. ಏಳು, ತಂಗಿ ಮನಿಗಿ ಹೋಗು" ಎಂದ. ಹೊಳೆಯಲ್ಲಿ ಕೆಂಪು ನೀರು ಕಾಣಿಸಿಕೊಂಡಿತ್ತು. ಕೊನೆಯ ಹರಿಗೋಲು ಕಾಯುತ್ತಿತ್ತು. ಈರವ್ವ ಗಂಟು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಗಾದಿಲಿಂಗ ರುಮಾಲನ್ನು ನೋಡಿದ, ತೆಗೆದುಕೊಳ್ಳಲಿಲ್ಲ.

"ಧಣಿ, ನನಗ ನೀವು ಬಂದು ಹೇಳಿದ್ರಿ. ಆಕೀಗೆ ಯಾರೂ ಹೇಳಿಲ್ರಿ. ಆಕಿ ಎದ್ಲಂತ ಗೊತ್ತಾಗಲಿ, ನಾನೂ ಏಳತೀನಿ."

ಕಿಲ್ಲೇದಾರನಿಗೆ ಇದು ಹುಚ್ಚು ಎನಿಸಿತು. ಕಡಲಾಚೆಯ ಮುದುಕಿ ಇಪ್ಪತ್ತೆರಡು ವರ್ಷದ ಹಿಂದೆ ಎದ್ದಳೋ ಇಲ್ಲವೋ ಎಂದು ಇಲ್ಲಿ ಕೂರುವುದುಂಟೇ? ಆದರೆ ಯಾರು ಏನು ಹೇಳಿದರೂ ಅವನದು ಒಂದೇ ಮಾತು. ಈರವ್ವ ಅತ್ತಳು, ಕಾಲು ಹಿಡಿದಳು, ಕಡೆಗೆ ಸಿಟ್ಟಿಗೆದ್ದು, "ಆ ಮಾತು ಕೇಳಿದ ನನ್ನ ನಾಲಿಗಿ ಸೇದಿ ಹೋಗಲಿ. ಆಕಿ ಸತ್ತು ಮಣ್ಣಾಗಿರತಾಳೋ! ನನ್ನ ಹುಡುಗ್ರು ಮಾವ ಬರತಾನ ಅಂತ ದಂಡಿಗೆ ಬಂದು ನಿಂತಾವ" ಎಂದು ಕೂಗಿದಳು. ಅವನಿಗೆ ಹೋಗಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಆಚೆ ದಡದಲ್ಲಿ ಏಳು ಚುಕ್ಕೆಗಳಂತೆ ನಿಂತಿದ್ದ ಮಕ್ಕಳನ್ನು ಅವನೂ ನೋಡಿದ. ಕಣ್ಣೀರು ಗಡ್ಡಕ್ಕೆ ಇಳಿಯಿತು. ಆದರೆ ಎದ್ದರೆ ಆ ಮಕ್ಕಳಿಗೆ ಹೇಳುವುದು ಅದೇ ಕತೆಯನ್ನಲ್ಲವೇ? ಆ ಕತೆ ಈಗ ಅವನ ಬಾಯಲ್ಲಿ ಬರುವಂತಿರಲಿಲ್ಲ. ಕೊನೆಯ ಹರಿಗೋಲು ಈರವ್ವನನ್ನು ಕೂರಿಸಿಕೊಂಡು, ಗಂಟನ್ನು ದಡದಲ್ಲೇ ಬಿಟ್ಟು ಹೋಯಿತು.

ಅವನು ಹನ್ನೊಂದು ವರ್ಷ ಕುಳಿತ ಎನ್ನುತ್ತಾರೆ. ಕೆಲವರು ಏಳು ಎನ್ನುತ್ತಾರೆ. ಕಲ್ಲಿನ ತಗ್ಗು ನೋಡಿದವರು ಹನ್ನೊಂದೇ ಸರಿ ಎನ್ನುತ್ತಾರೆ. ಮೊದಲ ತಿಂಗಳಲ್ಲೇ ಪಹರೆಯವರ ಕೈಕಾಲು ಹಿಡಿದು ಗುಡ್ಡದಿಂದ ಒಂದು ಕಲ್ಲನ್ನು ಉರುಳಿಸಿ ತರಿಸಿ ತನ್ನ ಪಕ್ಕಕ್ಕೆ ಇಡಿಸಿಕೊಂಡ. ಅದು ಆಕೆಯದು. ಅದರ ಮುಂದೆ ಚಾಚಿದ ಕಾಲಿಗೆ ತೊಡರದಂತೆ ಜಾಗ ಬಿಟ್ಟು, ಪಹರೆಯವರು ದಡದಿಂದ ತಂದುಕೊಟ್ಟ ಗಂಟಿನಲ್ಲಿದ್ದ ಕುದುರೆಯ ಕುಂಚದಿಂದ ದಿನವೂ ಧೂಳು ಗುಡಿಸುತ್ತಿದ್ದ. ಹೊಳೆ ಇಳಿದ ತಿಂಗಳುಗಳಲ್ಲಿ ಈರವ್ವ ಅಮಾವಾಸ್ಯೆಗೊಮ್ಮೆ ರೊಟ್ಟಿ ತರುತ್ತಿದ್ದಳು. ಉಳಿದ ದಿನ ಪಹರೆಯವರ ಅಂಬಲಿ. ಕಡಲ ಕಡೆಗೆ ಹೋಗುವ ವರ್ತಕರು, ಬೈರಾಗಿಗಳು, ಯಾರು ಸಿಕ್ಕರೂ ಅವರ ಸೆರಗು ಹಿಡಿದು ಒಂದೇ ಮಾತು ಹೇಳುತ್ತಿದ್ದ: "ಕಡಲ ದಂಡಿ ಊರು. ಗುಡ್ಡದ ಮ್ಯಾಲ ಹಾಳ ಕ್ವಾಟಿ. ಬಾಗಲದಾಗ ಒಬ್ಬಾಕಿ ಮುದುಕಿ, ಗದ್ದಕ್ಕ ಹಚ್ಚಿ. ಅಂವ ಬಂದಾನ, ಏಳವ್ವ ಅಂತ ಹೇಳ್ರಿ." ಹೋದವರಲ್ಲಿ ಕೆಲವರು ತಿರುಗಿ ಬಂದಾಗ ಅವನ ಮೇಲಿನ ಮರುಕಕ್ಕೆ, ಹೇಳಿದೆವು, ಎದ್ದಳು ಎಂದು ಸುಳ್ಳು ಹೇಳಿದರು. "ಯಾವ ಕಾಲು ಚಾಚಿದ್ಲು?" ಎಂದು ಅವನು ಕೇಳುತ್ತಿದ್ದ. ಅವರು ತಡವರಿಸುತ್ತಿದ್ದರು. ಅವನು ಬೈಯುತ್ತಿರಲಿಲ್ಲ, "ಇರಲಿ ಬಿಡ್ರಪ್ಪ" ಎಂದು ಮತ್ತೆ ರಸ್ತೆಯ ಕಡೆ ನೋಡುತ್ತಿದ್ದ. ಅವನಷ್ಟು ಒಂಟಿಯಾದವನು ಈ ಸೀಮೆಯಲ್ಲಿ ಮತ್ತೊಬ್ಬನಿರಲಿಲ್ಲ. ಆದರೂ ಕಡೆಕಡೆಗೆ ಆ ಖಾಲಿ ಕಲ್ಲಿನ ಕಡೆ ತಿರುಗಿ ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದನಂತೆ, ಮಳೆ ಬಂತವ್ವ ಎಂದೋ, ಇವತ್ತು ಬಿಸಿಲು ಜಾಸ್ತಿ ಎಂದೋ. ಕಡಲ ಕತೆಯನ್ನು ಮಾತ್ರ ಮತ್ತೆಂದೂ ಹೇಳಲಿಲ್ಲ.

ಒಂದು ಬೇಸಿಗೆಯ ಮುಂಜಾನೆ ಬಾಗಿಲು ತೆರೆದವರು ನೋಡಿದಾಗ ಅವನು ಗೋಡೆಗೆ ಒರಗಿ ಕುಳಿತ ಹಾಗೆಯೇ ಹೋಗಿಬಿಟ್ಟಿದ್ದ. ಈರವ್ವನಿಗೆ ಹೇಳಿಕಳಿಸಿದರು. ಆಗ ಅವಳಿಗೂ ತಲೆ ನರೆತಿತ್ತು. ಬಂದವಳು ಅಳಲಿಲ್ಲ. ಹೆಣ ಎತ್ತಲು ಬಂದವರನ್ನು ತಡೆದು, "ಹಂಗ ಎತ್ತಬ್ಯಾಡ್ರಿ. ಕಟ್ಟಳಿ ಐತಿ" ಎಂದಳು. ಆಮೇಲೆ ಒಬ್ಬಳೇ ಹೆಬ್ಬಾಗಿಲ ಒಳಗೆ ಹೋದಳು. ಅಣ್ಣನಿಗೆ ಅಷ್ಟು ವರ್ಷ ರೊಟ್ಟಿ ತಂದವಳು ಅಲ್ಲಿಯವರೆಗೆ ಒಮ್ಮೆಯೂ ಆ ಬಾಗಿಲು ದಾಟಿರಲಿಲ್ಲ. ನೆತ್ತಿಯ ಬುರುಜಿನವರೆಗೆ ಏದುಸಿರು ಬಿಡುತ್ತ ಹತ್ತಿದಳು, ಬರಿದಾದ ಲಾಯವನ್ನು ಕಂಡಳು, ಅಣ್ಣ ಮಲಗುತ್ತಿದ್ದ ಗೋದಲಿಯನ್ನು 'ಇದಾ?' ಎಂದು ಕೇಳಿ ಮುಟ್ಟಿದಳು. ಇಳಿದು ಅದೇ ಬಾಗಿಲಿನಿಂದ ಹೊರಬಂದು, ಅವನ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, "ಬಂದ್ನ್ಯೋ ಯಣ್ಣಾ. ಇನ್ನ ಏಳು" ಎಂದಳು. ಕಿಲ್ಲೇದಾರ ಹನ್ನೊಂದು ವರ್ಷದಿಂದ ಗೂಟಕ್ಕೆ ನೇತುಹಾಕಿದ್ದ ರುಮಾಲನ್ನು ತಂದು ತಲೆಗೆ ಸುತ್ತಿದ. ಆಗ ಎತ್ತಿದರು. ಅಂದಿನಿಂದ ದುರ್ಗದಲ್ಲಿ ಯಾರನ್ನೂ ಹೊಣೆ ಕೂರಿಸಲಿಲ್ಲ. ಪರಸ್ಥಳದವರು ಬಂದರೆ ಸುಮ್ಮನೆ ಒಳಗೆ ಬಿಟ್ಟರು.

ಈಗಲೂ ದುರ್ಗ ಹತ್ತಿ ಇಳಿದವರು ಹೆಬ್ಬಾಗಿಲಲ್ಲಿ ಒಂದು ಗಳಿಗೆ ನಿಂತು, ನುಣುಪು ಕಲ್ಲನ್ನು ಮುಟ್ಟಿ, 'ಬಂದ್ವಿ, ಏಳಜ್ಜಾ' ಎನ್ನುತ್ತಾರೆ. ಊರಿನವರಂತೂ ತಪ್ಪಿಸುವುದಿಲ್ಲ. ಹೊರದೇಶದ ಪ್ರವಾಸಿಗಳಿಗೆ ಟಿಕೇಟಿನವನು ಕೈಸನ್ನೆಯಲ್ಲಿ ಹೇಳಿಕೊಡುತ್ತಾನೆ. ಅವರು ನಗುತ್ತ ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳಿ ಹೋಗುತ್ತಾರೆ. ದಣಿದವರು ನುಣುಪು ಕಲ್ಲಿನ ಮೇಲೆ ಕೂರುವುದುಂಟು, ಚಿಕ್ಕದರ ಮೇಲೆ ಮಾತ್ರ ಯಾರನ್ನೂ ಕೂರಗೊಡುವುದಿಲ್ಲ. ಇದಕ್ಕಿಂತ ಹೆಚ್ಚಿನದು ಈ ಊರಿನವರ ಇನ್ನೊಂದು ರೂಢಿ. ಪರದೇಶಕ್ಕೆ ಹೋದ ಈ ಊರಿನವರು ಅಲ್ಲಿ ಯಾವ ಕೋಟೆ ನೋಡಿದರೂ, ಎಷ್ಟೇ ಅವಸರವಿದ್ದರೂ, ಹೋದ ಬಾಗಿಲಿನಿಂದಲೇ ಹೊರಬಂದು, 'ಅಂವ ಬಂದಾನ, ಏಳವ್ವ' ಎಂದು ಹೇಳಿ ಬರಬೇಕು. ಗಾದಿಲಿಂಗ ನೋಡಿದ ಕೋಟೆ ಯಾವುದೆಂದು ಗೊತ್ತಿಲ್ಲವಲ್ಲ; ಅದಕ್ಕೆ ಎಲ್ಲ ಕೋಟೆಗಳಲ್ಲೂ ಹೇಳುವುದು.

ಕೆಲವು ವರ್ಷಗಳ ಹಿಂದೆ ಇಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದ ಪಾರ್ವತಿಬಾಯಿ ಮೇಡಂ ನಿವೃತ್ತರಾದ ಮೇಲೆ ಒಂದು ಪ್ರವಾಸದ ತಂಡದ ಜೊತೆ ಹೊರದೇಶಕ್ಕೆ ಹೋಗಿ, ಹದಿನಾಲ್ಕು ದಿನದಲ್ಲಿ ಹನ್ನೊಂದು ಕೋಟೆ ನೋಡಿ ಬಂದರು. ಹನ್ನೊಂದು ಬಾಗಿಲಲ್ಲೂ ನಿಂತು ಹೇಳಿದರಂತೆ. ಜೊತೆಯವರು ನಕ್ಕರೂ ಬಿಡಲಿಲ್ಲ. ಕಡಲ ದಂಡೆಯ ಒಂದು ಊರಿನಲ್ಲಿ, ಪಾಳು ಕೋಟೆಯ ಬಾಗಿಲ ಪಕ್ಕದಲ್ಲಿ, ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳಂತೆ. ಮೇಡಂ ಹೇಳಿದ್ದು ಕೇಳಿ ಏನು ಎಂಬಂತೆ ತಲೆಯೆತ್ತಿ ನೋಡಿದಳಂತೆ. ಇದನ್ನು ಅವರು ಹೊಣೆಗಲ್ಲಿನ ಹತ್ತಿರವೇ ನಿಂತು ಹೇಳುತ್ತಿದ್ದಾಗ ಸುತ್ತಲಿದ್ದವರೆಲ್ಲ ಒಂದೇ ದನಿಯಲ್ಲಿ, "ಎದ್ಲೇನ್ರಿ?" ಎಂದು ಕೇಳಿದರು.

ಬಸ್ಸು ಹೊರಟಿತ್ತು, ಹಾರ್ನ್ ಹೊಡೆಯುತ್ತಿದ್ದರು, ಓಡಿಹೋಗಿ ಹತ್ತಿದೆ, ತಿರುಗಿ ನೋಡಲಿಲ್ಲ ಎಂದರು ಮೇಡಂ. ಆಮೇಲೆ ಬಹಳ ಹೊತ್ತು ಅವರು ಅಲ್ಲೇ, ಹೊಣೆಗಲ್ಲಿನ ಮೇಲೆ ಕುಳಿತಿದ್ದರು. ಪಕ್ಕದ ಚಿಕ್ಕ ಕಲ್ಲು ಇವತ್ತಿಗೂ ಒರಟಾಗಿಯೇ ಇದೆ.